ಮನೆತನದ ಹೆಸರೂ ವಂಶದ ರಕ್ತವೂ



ಕೊಂಚ ಜೊಲ್ಲನ್ನು ಶೀಶೆಯಲ್ಲಿಟ್ಟು ಕಳುಹಿಸಿದರೆ ಪೂರ್ವಜರ ಸಮಾಚಾರ ತಿಳಿಸುವ ಸಂಸ್ಥೆಗಳು ಈಗ ಇವೆ. ಬೆಂಗಳೂರು, ಹೈದರಾಬಾದುಗಳಲ್ಲಿ ಓದುವ ನಮ್ಮ ಮಕ್ಕಳು ರಜೆಗೆ ಸಿರವಾರಕ್ಕೆ ಬಂದಾಗ, "ನಮ್ಮ ಅಡ್ಡಹೆಸರಿನ ಮೂಲ ಯಾವುದು, ಪರೀಕ್ಷೆ ಮಾಡಿಸೋಣವೇ?" ಎಂದು ಕೇಳುತ್ತಾರೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ಪ್ರಶ್ನೆಗೆ ನಾವು ಉತ್ತರ ಕೊಡಬೇಕಾಗಿದೆ.

ಪುರುಷರಲ್ಲಿರುವ 'ವೈ' ವರ್ಣತಂತು ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಬದಲಾಗದೆ ಇಳಿದುಬರುತ್ತದೆ. ಅಡ್ಡಹೆಸರೂ ಹಾಗೆಯೇ ಇಳಿಯುವುದರಿಂದ, ಒಂದೇ ಹೆಸರಿನ ಇಬ್ಬರ ವರ್ಣತಂತುಗಳನ್ನು ಹೋಲಿಸಿ ಅವರು ಒಬ್ಬನೇ ಮೂಲಪುರುಷನ ಸಂತತಿಯೇ ಎಂದು ನೋಡಬಹುದು. ಆದರೆ ಹೆಸರೂ ರಕ್ತವೂ ಒಟ್ಟಿಗೆ ನಡೆದು ಬಂದಿದ್ದರೆ ಮಾತ್ರ ಈ ಹೋಲಿಕೆಗೆ ಅರ್ಥವುಂಟು.

ಕರಾವಳಿಯಿಂದ ನಮ್ಮ ಸೀಮೆಗೆ ಬಂದ ಗುರುಗಳ, ಶಿಕ್ಷಕರ ಹೆಸರುಗಳನ್ನು ನೆನೆಯಿರಿ: ಡಿಸೋಜ, ಪಿಂಟೊ, ಲೋಬೊ. ಇವು ದೀಕ್ಷಾಸ್ನಾನದ ವೇಳೆ ಪೋರ್ಚುಗೀಸ್ ಪಾದ್ರಿಗಳಿಂದಲೋ ಜ್ಞಾನತಂದೆಯಿಂದಲೋ ಬಂದ ಹೆಸರುಗಳು. ಆದ್ದರಿಂದ ಎರಡು ಊರಿನ ಇಬ್ಬರು ಡಿಸೋಜರು ರಕ್ತದಲ್ಲಿ ಪರಸ್ಪರ ಅಪರಿಚಿತರಾಗಿರಬಹುದು. ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿಜ್ಞಾನಿಗಳು ಗೋವಾ, ಕುಮಟಾ, ಮಂಗಳೂರುಗಳ 110 ಮಂದಿ ಕಥೋಲಿಕರ ಡಿ.ಎನ್.ಎ.ಯನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಸರು ಪೋರ್ಚುಗೀಸರದಾದರೂ ಹೆಚ್ಚಿನವರ ವಂಶವಾಹಿ ಗೌಡ ಸಾರಸ್ವತರ ಪ್ರಾಚೀನ ಶಾಖೆಗೆ ಬಹಳ ಸಮೀಪವೆಂದು ಕಂಡುಬಂತು. ಶೇಕಡಾ 40ಕ್ಕಿಂತ ಹೆಚ್ಚು ಪುರುಷ ವಂಶಗಳು 'ಆರ್ 1 ಎ' ಎಂಬ ಗುಂಪಿಗೆ ಸೇರಿದ್ದವು. ಈ ಗುಂಪು ಉತ್ತರ ಭಾರತದಲ್ಲೂ ಯೂರೋಪಿನಲ್ಲೂ ಇದೆ. ಅದನ್ನು ಜಾತಿಯ ಪ್ರಮಾಣಪತ್ರವೆಂದು ಹಿಡಿದುಕೊಳ್ಳುವುದು ಅವಿವೇಕ.

ನಮ್ಮ ಕಡೆಯ ಮಾತೇ ಬೇರೆ. ಇಲ್ಲಿ ಅಡ್ಡಹೆಸರು ಬಹುಪಾಲು ಊರಿನದು, ಇಲ್ಲವೆ ಕಸುಬಿನದು. ಸಿರವಾರ ಬಿಟ್ಟು ಹೋದವನು ಹೋದಲ್ಲಿ 'ಸಿರವಾರ' ಆಗುತ್ತಾನೆ. ಸಿರವಾರದಲ್ಲೇ ಉಳಿದವನನ್ನು ಯಾರೂ ಹಾಗೆ ಕರೆಯುವುದಿಲ್ಲ! ಆ ಹೆಸರನ್ನು ಎಲ್ಲ ಜಾತಿಮತದವರೂ ಹೊರಬಹುದಾದ್ದರಿಂದ ಅದರಲ್ಲಿ ಒಬ್ಬ ಮೂಲಪುರುಷನನ್ನು ಹುಡುಕುವುದು ವ್ಯರ್ಥ. ಅದೂ ಅಲ್ಲದೆ, ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪೂರ್ವಜರ ಸ್ಥಾನಗಳು 1,024. ಹೆಸರಿನ ದಾರಿ ತೋರಿಸುವುದು ಅವರಲ್ಲಿ ಒಬ್ಬನನ್ನು. ಉಳಿದ 1,023 ಮಂದಿಯಲ್ಲಿ ನಮ್ಮ ಅಜ್ಜಿಯರೆಲ್ಲರೂ ಸೇರಿದ್ದಾರೆ.

ಮಕ್ಕಳ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಅಸ್ಪೃಶ್ಯತೆಯನ್ನು ಉಂಡ ಕೇರಿಗಳಿಂದ ಬಂದವರು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಹೀಗೆ ಕಾಗದದಲ್ಲಿ ಕಳೆದುದನ್ನು ಪ್ರಯೋಗಾಲಯ ಮರಳಿಸಲಾರದು. ಜಾತಿಯನ್ನು ಹೇಳುವ ವಂಶವಾಹಿಯೇ ಇಲ್ಲ. ಮನೆಯ ಹಿರಿಯರು ಕೇರಿಯ ಹೆಸರನ್ನು ನಾಚಿಕೆಯಿಂದ ನುಂಗಿಕೊಂಡರೆ ಮಕ್ಕಳು ಅದನ್ನು ಶೀಶೆಯಲ್ಲಿ ಹುಡುಕುತ್ತಾರೆ. ಹೆಣ್ಣು-ಗಂಡು ನೋಡುವ ಮಾತುಕತೆಯಲ್ಲಿ ಇಂಥ ಪರೀಕ್ಷೆಯ ಕಾಗದ ಕೇಳುವ ದಿನ ನಮ್ಮ ಧರ್ಮಕೇಂದ್ರಕ್ಕೆ ಬಾರದಿರಲಿ. ಒಬ್ಬನ ಜೊಲ್ಲಿನಲ್ಲಿ ಅಣ್ಣತಮ್ಮಂದಿರೆಲ್ಲರ ಗುಟ್ಟಿರುತ್ತದೆ. ಅವರನ್ನು ಕೇಳದೆ ಕಳುಹಿಸುವುದೂ ಸಲ್ಲದು.

ವಂಶ ತಿಳಿಯಬಯಸುವವರಿಗೆ ನಮ್ಮಲ್ಲಿ ಹಳೆಯ ಸಾಧನವೊಂದಿದೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳನ್ನೂ, ದೀಕ್ಷಾಸ್ನಾನದಲ್ಲಿ ಜ್ಞಾನತಂದೆತಾಯಿಯರ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಆ ಪುಸ್ತಕಗಳಲ್ಲಿ ಅಡ್ಡಹೆಸರಿಲ್ಲದವನಿಗೂ ಸ್ಥಾನವಿದೆ, ತಾಯಿಯ ಹೆಸರಿಗೂ ಸ್ಥಾನವಿದೆ. ಅವು ಹೇಳದಿರುವುದನ್ನು ಹೇಳಬಲ್ಲವರು ಎಂಬತ್ತು ದಾಟಿದ ನಮ್ಮ ಅಜ್ಜ-ಅಜ್ಜಿಯರು. ಪ್ರತಿಯೊಂದು ಮನೆಯವರೂ ಅವರನ್ನು ಕೇಳಿ, ತಾಯಿಯ ತಾಯಿಯ ತವರೂರು ಸಹಿತವಾಗಿ ಬರೆದು, ಕ್ರಿಸ್ಮಸ್ಸಿನೊಳಗೆ ವಿಚಾರಣಾ ಗುರುಗಳಿಗೆ ಒಪ್ಪಿಸಬೇಕೆಂದು ಪ್ರಾರ್ಥಿಸುತ್ತೇವೆ.