ಸಂಡೂರಿನ ಕಲ್ಲು, ಉಲ್ಹಾಸನಗರದ ಜೀನ್ಸು
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ರಸಾಯನಶಾಸ್ತ್ರದ ಪಂಡಿತರಲ್ಲ, ಗಿರಣಿಯ ಗುಮಾಸ್ತರು. ಮೆಟ್ರಿಕ್‌ವರೆಗೆ ಓದಿದ್ದು, ಆಮೇಲೆ ಈ ಕಪಾಟಿನ ಪುಸ್ತಕಗಳಲ್ಲಿ ಕಂಡದ್ದು, ಇಷ್ಟೇ ನಮ್ಮ ಬಂಡವಾಳ. ಕಬ್ಬಿಣ, ತಾಮ್ರ, ಕ್ರೋಮಿಯಂ, ನಿಕ್ಕಲ್ ಇವೆಲ್ಲ ಸಂಕ್ರಮಣ ಧಾತುಗಳೆಂಬ ಒಂದೇ ಮನೆತನದವು. ಎಲ್ಲವನ್ನೂ ಹೇಳಹೊರಟರೆ ಕೊನೆಯ ಲೋಕಲ್ ತಪ್ಪೀತು. ಆದ್ದರಿಂದ ಮ್ಯಾಂಗನೀಸ್ ಒಂದನ್ನೇ ಹಿಡಿಯೋಣ.

ಇದು ನಮ್ಮ ಬಳ್ಳಾರಿ ಸೀಮೆಯ ಸಂಡೂರಿನ ಗುಡ್ಡಗಳಲ್ಲಿ ಸಿಗುವ ಕಪ್ಪು ಕಲ್ಲು. ಅದನ್ನು ತೆಗೆಯುವ ಕಂಪನಿ ಅಲ್ಲಿ 1954ರಲ್ಲಿ ಸ್ಥಾಪನೆಯಾಯಿತು. ಲೋಕದ ಮ್ಯಾಂಗನೀಸಿನ ಬಹುಪಾಲು ಉಕ್ಕಿಗೇ ಹೋಗುತ್ತದೆ. ಕಲ್ಯಾಣ ಜಂಕ್ಷನ್ನಿನಲ್ಲಿ ಹಳಿಯ ಮೇಲೆ ಹಳಿ ದಾಟುವೆಡೆ ಗಾಡಿ ಖಟಖಟ ಎನ್ನುತ್ತದಲ್ಲ, ಅಂಥ ಕ್ರಾಸಿಂಗುಗಳನ್ನು ನೂರಕ್ಕೆ 12ರಿಂದ 14 ಪಾಲು ಮ್ಯಾಂಗನೀಸ್ ಬೆರೆತ ಉಕ್ಕಿನಿಂದ ಎರಕ ಹೊಯ್ಯುತ್ತಾರೆ. 1882ರಲ್ಲಿ ಇಂಗ್ಲೆಂಡಿನ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಉಕ್ಕು ಇದು. ಚಕ್ರದ ಪೆಟ್ಟು ಬಿದ್ದಷ್ಟೂ ಅದರ ಮೈ ಗಟ್ಟಿಯಾಗುತ್ತದೆ. ಅಯಸ್ಕಾಂತ ಮಾತ್ರ ಹಿಡಿಯುವುದಿಲ್ಲ.

ಅಯಸ್ಕಾಂತವೆಂದಾಗ ಒಂದು ಮಾತು. ಪಾತ್ರೆ ಕೊಳ್ಳುವಾಗ ‘ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು’ ಎಂದು ಅಂಗಡಿಯವರು ಹೇಳುತ್ತಾರೆ. ನಂಬಬೇಡಿ. ದುಬಾರಿ ನಿಕ್ಕಲ್ಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ ಸ್ಟೀಲಿಗೂ ಅದು ಅಂಟುವುದಿಲ್ಲ. ಉಪ್ಪಿನಕಾಯಿ ಇಟ್ಟರೆ ಬಣ್ಣ ಬಯಲಾಗುತ್ತದೆ!

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ. ಈ ಲೋಹವು ಒಮ್ಮೆ ಎರಡು ಎಲೆಕ್ಟ್ರಾನು, ಒಮ್ಮೆ ನಾಲ್ಕು, ಒಮ್ಮೆ ಏಳನ್ನೂ ವ್ಯವಹಾರಕ್ಕೆ ಒಡ್ಡಬಲ್ಲದು. ಲೆಕ್ಕ ಬದಲಾದಂತೆ ಬಣ್ಣವೂ ಬದಲು. ಎರಡಕ್ಕೆ ತಿಳಿಗುಲಾಬಿ, ನಾಲ್ಕಕ್ಕೆ ಕಪ್ಪುಕಂದು, ಏಳಕ್ಕೆ ಕಡುನೇರಳೆ. ಆ ನೇರಳೆಯೇ ಪರ್ಮಾಂಗನೇಟು. ಕಾಲರಾ ಬಂದಾಗ ಊರ ಬಾವಿಗೆ ಹಾಕುತ್ತಿದ್ದ ಕೆಂಪು ಔಷಧಿ ಇದೇ. ಎದುರಿಗೆ ಸಿಕ್ಕಿದ್ದರಿಂದ ಎಲೆಕ್ಟ್ರಾನು ಕಸಿದು ತಾನು ಕೆಳಗಿಳಿಯುವುದು ಅದರ ಸ್ವಭಾವ. ಹೀಗೆ ರೋಗಾಣು ಸಾಯುತ್ತದೆ. ಜೀನ್ಸಿನ ನೀಲಿಯೂ ಹಾಗೆಯೇ ಹಾರುತ್ತದೆ.

ಜೀನ್ಸ್ ಕೆಲಸದಲ್ಲಿ ‘ಪಿ.ಪಿ. ಸ್ಪ್ರೇ’ ಎನ್ನುವುದು ಇದಕ್ಕೇ. ಆ ಕೆಲಸದ ನಮ್ಮ ಕಡೆಯ ಹುಡುಗನೊಬ್ಬ ಇಲ್ಲಿ ಪತ್ರಿಕೆ ಓದಲು ಬರುತ್ತಾನೆ. ಕಂದಿದ ಕೈಗಳನ್ನು ಮೇಜಿನ ಕೆಳಗೆ ಬಚ್ಚಿಡುತ್ತಾನೆ. ತಮ್ಮಾ, ನಾಚಬೇಡ. ಅದು ಕೊಳೆಯಲ್ಲ, ಏಳರಿಂದ ನಾಲ್ಕಕ್ಕಿಳಿದ ಮ್ಯಾಂಗನೀಸು. ಆ ಕಲೆ ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ.

ಕೈಗಿಂತ ನಮಗೆ ಚಿಂತೆ ಉಸಿರಿನದು. 1837ರಲ್ಲೇ ಗ್ಲಾಸ್ಗೋದ ವೈದ್ಯ ಜಾನ್ ಕೂಪರ್, ಮ್ಯಾಂಗನೀಸ್ ಅದಿರು ಅರೆಯುವ ಕೂಲಿಗಳ ಕಾಲು ಸೋತು ನಡಿಗೆ ಕೆಟ್ಟದ್ದನ್ನು ಬರೆದಿಟ್ಟಿದ್ದಾರೆ. ಅದು ಒಂದು ದಿನದಲ್ಲಿ ಬರುವುದಲ್ಲ. ವರುಷಗಟ್ಟಲೆ ಧೂಳು ಕುಡಿದವರಿಗೆ ಬಂದದ್ದು. ಸ್ಪ್ರೇಯ ಹನಿಯಾದರೋ ಗಂಟಲು, ಕಣ್ಣುಗಳನ್ನು ಅಂದೇ ಸುಡುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ಸರಿಯಾದ ಮಾಸ್ಕ್, ಕನ್ನಡಕ, ರಬ್ಬರು ಕೈಚೀಲ, ಗಾಳಿ ಹೊರದೂಡುವ ಫ್ಯಾನು ಬೇಕು. ಒಬ್ಬನೇ ಕೇಳಿದರೆ ಮಾಲೀಕರು ನಾಳೆಯಿಂದ ಬರಬೇಡ ಎಂದಾರು. ನಾಲ್ಕು ಜನ ಕೂಡಿ ಕೇಳಿ. ಅರ್ಜಿ ಬರೆಯುವುದು ನಮ್ಮ ಕೆಲಸ. ಮರಾಠಿಯಲ್ಲೋ ಹಿಂದಿಯಲ್ಲೋ ಬರೆದುಕೊಡುತ್ತೇವೆ.

ಮತ್ತೊಂದು: ಆ ಪುಡಿಯ ಡಬ್ಬದ ಬಳಿ ಗ್ಲಿಸರಿನ್ ಸೀಸೆ ಇಡಬೇಡಿ. ಎರಡೂ ಬೆರೆತರೆ ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ.