ನೆಲ ಮುಟ್ಟುವ ಹಣೆ

ಸೂರ್ಯ ಹುಟ್ಟುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮುಂಜಾವಿನ ಪ್ರಾರ್ಥನೆಯಾದ ಫಜ್ರ್ ನಮಾಜ್ ಮುಗಿದಿರುತ್ತದೆ. ಪ್ರಾರ್ಥನೆಗೆ ಕರೆಯುವ ಸುನ್ನಿ ಮಸೀದಿಗಳ ಅಜಾನ್‌ನಲ್ಲಿ ಬೆಳಗಿನ ಜಾವಕ್ಕೆಂದೇ ಒಂದು ಮಾತು ಹೆಚ್ಚು: ನಿದ್ದೆಗಿಂತ ಪ್ರಾರ್ಥನೆ ಮೇಲು ಎಂದು. ಚಳಿಗಾಲದಲ್ಲಿ ಅದನ್ನು ಒಪ್ಪಿ ಏಳುವುದು ಸುಲಭವೇನಲ್ಲ, ಬಿಡಿ.

ಎದ್ದವರು ಮೊದಲು ವುಜೂ, ಅಂದರೆ ಅಂಗಶುದ್ಧಿ, ಮಾಡುತ್ತಾರೆ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು. ಒದ್ದೆ ಕೈಯನ್ನು ತಲೆಯ ಮೇಲೆ ಆಡಿಸಿ, ಕೊನೆಗೆ ಪಾದ. ತಣ್ಣೀರು ಬಿದ್ದಾಗಲೇ ರಾತ್ರಿಯ ಅರ್ಧ ಚಿಂತೆ ಇಳಿದಂತೆ.

ದಿನಕ್ಕೆ 5 ಹೊತ್ತು, ಕಡ್ಡಾಯದ ರಕಅತ್‌ಗಳು, ಅಂದರೆ ನಮಾಜಿನ ಆವರ್ತಗಳು, 17. ಒಂದೊಂದರಲ್ಲೂ 2 ಸಜ್ದಾ. ಅಂದರೆ ದಿನಕ್ಕೆ 34 ಸಲವಾದರೂ ಹಣೆ ನೆಲ ಮುಟ್ಟುತ್ತದೆ! ನನಗೆ ಬೆರಗು ಹುಟ್ಟಿಸುವುದು ಇದೇ. ನಾವು ಎತ್ತಿ ಹಿಡಿಯಲು ಹೆಣಗುವ ತಲೆ ಅಲ್ಲಿ ಪಾದದ ಮಟ್ಟಕ್ಕೆ ಬರುತ್ತದೆ. ಎದೆ ತಲೆಗಿಂತ ಮೇಲಿರುತ್ತದೆ. ದೇವರಿಗೆ ಮನುಷ್ಯ ಅತಿ ಹತ್ತಿರವಾಗುವುದು ಆಗಲೇ ಎಂಬುದು ಪ್ರವಾದಿಯವರ ಮಾತು. ಯಾರೆದುರೂ ಆಡಲಾಗದ ಸಾಲದ ಚಿಂತೆ, ಮಗಳ ಬಿಡದ ಜ್ವರ, ಎಲ್ಲವನ್ನೂ ಅಲ್ಲಿ ಮನಸ್ಸಿನಲ್ಲೇ ಇಳಿಸಿಡಬಹುದು.

ಮಸೀದಿಯ ಸಾಲಿನಲ್ಲಿ ಅಂಗಡಿ ಮಾಲೀಕನ ಭುಜಕ್ಕೆ ಹಮಾಲಿಯ ಭುಜ. ಕೊನೆಗೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಮುಖ ತಿರುಗಿಸಿ ಸಲಾಂ. ಆಮೇಲೆ ಒಬ್ಬ ಶಟರ್ ಎತ್ತುತ್ತಾನೆ, ಇನ್ನೊಬ್ಬ ಮೂಟೆ.