ಕಿವಿಗೊಟ್ಟು ಸಾಗುವ ನೌಕೆ



ಊರಿನಿಂದ ನೆಂಟರು ಬಂದರೆ ನಾವು ಅವರನ್ನು ಟವರ್ ಬ್ರಿಜ್‌ಗೆ ಕರೆದೊಯ್ಯುತ್ತೇವೆ. ಪಕ್ಕದಲ್ಲೇ ಲಂಗರು ಹಾಕಿರುವ ಬೆಲ್‌ಫಾಸ್ಟ್ ಯುದ್ಧನೌಕೆಯನ್ನೂ ತೋರಿಸುತ್ತೇವೆ. ಅದರ ಮುಂಭಾಗದ ಫಿರಂಗಿಗಳು ಎಂ-1 ಹೆದ್ದಾರಿಯ ಲಂಡನ್ ಗೇಟ್‌ವೇ ತಂಗುದಾಣಕ್ಕೆ ಗುರಿಯಿಟ್ಟಿವೆ ಎಂದರೆ ಮಕ್ಕಳಿಗೆ ಬಲು ಖುಷಿ. ಅದು ಕಣ್ಣಿಗೆ ಬಿದ್ದ ಶತ್ರುವನ್ನು ಹೊಡೆಯುವ ಕ್ರೂಸರ್. ಇಂದು ನಾವು ಹೇಳಹೊರಟಿರುವುದು ಕಣ್ಣಿಗೆ ಬೀಳದ ಜಲಾಂತರ್ಗಾಮಿಯನ್ನು ಹುಡುಕುವ ಫ್ರಿಗೇಟಿನ ವಿಚಾರ.

ನೀರಿನೊಳಗೆ ಬೆಳಕು ಬಹುದೂರ ಹೋಗದು, ರೇಡಾರ್ ಅಲೆಯೂ ಹೋಗದು, ಹೋಗುವುದು ಶಬ್ದವೊಂದೇ. ಆದುದರಿಂದ ಈ ನೌಕೆಯ ಜೀವಾಳ ಸೋನಾರ್. ಸೋನಾರ್ ತಾನೇ ಸದ್ದು ಮಾಡಿ ಪ್ರತಿಧ್ವನಿಯನ್ನು ಹಿಡಿಯಬಹುದು. ಆದರೆ ಆಗ ತಾನಿರುವ ಜಾಗ ಶತ್ರುವಿಗೂ ತಿಳಿದುಹೋಗುತ್ತದೆ. ಸುಮ್ಮನೆ ಆಲಿಸಬೇಕೆಂದರೆ ನೌಕೆಯ ಸ್ವಂತ ಗದ್ದಲ ಅಡಗಬೇಕು. ಮಿಕ್ಸಿ ತಿರುಗುತ್ತಿರುವಾಗ ಬಾಗಿಲ ಗಂಟೆ ಕೇಳದಿರುವುದು ನಮ್ಮೆಲ್ಲರ ಮನೆಯ ಅನುಭವ.

ಬ್ರಿಟಿಷ್ ನೌಕಾಪಡೆಯ ಟೈಪ್ 23 ಫ್ರಿಗೇಟುಗಳನ್ನು ರೂಪಿಸಿದ್ದು ಈ ಮೌನಕ್ಕಾಗಿಯೇ. 133 ಮೀಟರ್ ಉದ್ದದ ಇಂಥ 16 ನೌಕೆಗಳನ್ನು ಕಟ್ಟಲಾಯಿತು. ಮೊದಲನೆಯದಾದ ನಾರ್‌ಫೋಕ್ 1990ರಲ್ಲಿ ಸೇವೆಗೆ ಸೇರಿತು. ವೇಗ ಬೇಕಾದಾಗ ಎರಡು ಸ್ಪೇ ಗ್ಯಾಸ್ ಟರ್ಬೈನುಗಳು ಓಡುತ್ತವೆ. ಬೇಟೆಯ ಹೊತ್ತಿನಲ್ಲಿ ಅವನ್ನು ನಿಲ್ಲಿಸಿ, ಡೀಸೆಲ್ ಜನರೇಟರುಗಳ ವಿದ್ಯುತ್ತಿನಿಂದ ಮೋಟರುಗಳು ನೇರವಾಗಿ ಪ್ರೊಪೆಲ್ಲರಿನ ದಂಡವನ್ನು ತಿರುಗಿಸುತ್ತವೆ, ಹಲ್ಲುಗಾಲಿಗಳ ಕಿರುಚಾಟವಿಲ್ಲ. ನಾಲ್ಕು ಜನರೇಟರುಗಳಲ್ಲಿ ಎರಡನ್ನು ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸಿರುವುದೂ ಸದ್ದು ಕಡಲಿಗೆ ಇಳಿಯದಿರಲೆಂದು. ಆಲಿಸುವ ಕಿವಿಗಳನ್ನೋ, ಉದ್ದನೆಯ ಕೇಬಲಿಗೆ ಕಟ್ಟಿ, ನೌಕೆಯ ಗದ್ದಲದಿಂದ ಬಹುದೂರ ಹಿಂದೆ ಎಳೆದೊಯ್ಯುತ್ತಾರೆ. ಸುಳಿವು ಸಿಕ್ಕೊಡನೆ ಹೆಲಿಕಾಪ್ಟರ್ ಹಾರಿ ಟಾರ್ಪೆಡೊ ಹಾಕುತ್ತದೆ. ಆರಂಭದ ನಕ್ಷೆಯಲ್ಲಿ ಆತ್ಮರಕ್ಷಣೆಯ ಅಸ್ತ್ರಗಳಿಗೆ ಹೆಚ್ಚು ಸ್ಥಾನವಿರಲಿಲ್ಲ. 1982ರ ಫಾಕ್‌ಲೆಂಡ್ಸ್ ಯುದ್ಧದ ಪೆಟ್ಟು ತಿಂದ ಮೇಲೆ ಕ್ಷಿಪಣಿ, ಫಿರಂಗಿಗಳು ಸೇರಿದವು.

ಇದೇ ಬ್ರಿಟನ್ನಿನಲ್ಲಿ, ಐಲ್ ಆಫ್ ವೈಟ್‌ನ ಕೌಸ್ ಪಟ್ಟಣದಲ್ಲಿ, ಭಾರತಕ್ಕಾಗಿ ಕಟ್ಟಿದ ಫ್ರಿಗೇಟ್ ಒಂದಿತ್ತು. ಅದು ಖುಕ್ರಿ. ಅದಕ್ಕೆ ಹೆಲಿಕಾಪ್ಟರ್ ಇರಲಿಲ್ಲ. ಅದರ ಮಾರ್ಟರುಗಳು ಒಂದು ಕಿಲೋಮೀಟರಿನಾಚೆ ಹೊಡೆಯಲಾರವು. ಮೇಲಾಗಿ ಅರಬ್ಬಿ ಸಮುದ್ರದ ಮೇಲ್ಪದರ ಬಿಸಿಲಿಗೆ ಕಾಯ್ದಿರುತ್ತದೆ, ಕೆಳಗೆ ತಣ್ಣೀರು. ಶಬ್ದ ಆ ತಣ್ಣೀರಿನತ್ತ ಬಾಗುವುದರಿಂದ ಜಲಾಂತರ್ಗಾಮಿಗೆ ಮರೆ ದೊರೆಯುತ್ತದೆ. 1971ರ ಅಕ್ಟೋಬರಿನಲ್ಲಿ ಬೆಲ್‌ಫಾಸ್ಟ್ ಇಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಅದೇ ವರ್ಷ ಡಿಸೆಂಬರ್ 9ರ ರಾತ್ರಿ ಖುಕ್ರಿ, ಸೋನಾರಿನ ಸುಧಾರಣೆಯೊಂದನ್ನು ಪರೀಕ್ಷಿಸುತ್ತ, ದಿಯು ಬಳಿಯ ಕಡಲಿನಲ್ಲಿ ನಿಧಾನವಾಗಿ ಸಾಗುತ್ತಿತ್ತು. ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಅದನ್ನು ಮೊದಲೇ ಕೇಳಿಸಿಕೊಂಡಿತ್ತು. 18 ಅಧಿಕಾರಿಗಳು, 176 ನಾವಿಕರು ಜಲಸಮಾಧಿಯಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ನೌಕೆಯನ್ನು ಬಿಟ್ಟು ಬರಲಿಲ್ಲ.

ಆ ನಷ್ಟದ ಬಳಿಕ ನೌಕಾಧಿಕಾರಿ ಆರೋಗ್ಯಸ್ವಾಮಿ ಪಾಲ್‌ರಾಜ್ ಹಳೆಯ ಬ್ರಿಟಿಷ್ ಸೋನಾರನ್ನು ತಿದ್ದಿದರು. ಇಂಗ್ಲೆಂಡಿನ ಲಫ್‌ಬರೋದಲ್ಲಿ ಕೆಲಕಾಲ ಇದ್ದು, ಹಿಂದಿರುಗಿ ಕೊಚ್ಚಿಯಲ್ಲಿ ಅಪ್ಸೋ ಎಂಬ ದೇಶೀ ಸೋನಾರನ್ನು 1983ರ ವೇಳೆಗೆ ಸಿದ್ಧಪಡಿಸಿದರು. ಅದರ ಮುಂದಿನ ಪೀಳಿಗೆಯಾದ ಹಂಸ ಸೋನಾರ್ ತಯಾರಾದುದು ನಮ್ಮ ಬೆಂಗಳೂರಿನ ಬಿ.ಇ.ಎಲ್.ನಲ್ಲಿ. ಪಾಲ್‌ರಾಜರು ಮುಂದೆ ಅಮೆರಿಕದಲ್ಲಿ ರೂಪಿಸಿದ, ಹಲವು ಆಂಟೆನಾಗಳ ತಂತ್ರವೇ ಈಗ ತಮ್ಮೆಲ್ಲರ ಜೇಬಿನ ಮೊಬೈಲುಗಳಲ್ಲಿದೆ. (ಸಭೆಯಲ್ಲಿ ಅವು ಮೌನವಾಗಿದ್ದರೆ ನಮಗೂ ಸಂತೋಷ.)

ಖುಕ್ರಿಯ ಹೆಸರನ್ನೇ ಹೊತ್ತ ಎರಡನೆಯ ನೌಕೆ 1989ರಿಂದ 2021ರವರೆಗೆ ಸೇವೆಯಲ್ಲಿತ್ತು. ನಿವೃತ್ತಿಯ ನಂತರ ಅದನ್ನು ದಿಯುವಿಗೆ ಒಪ್ಪಿಸಿದ್ದಾರೆ. ಮೊದಲ ಖುಕ್ರಿಯ ಸ್ಮಾರಕವೂ ಅಲ್ಲಿಯೇ, ಕಡಲಿಗೆ ಮುಖಮಾಡಿ ನಿಂತಿದೆ. ಬೆಲ್‌ಫಾಸ್ಟ್ ನೋಡಿದ ಮಕ್ಕಳನ್ನು ಊರಿಗೆ ಹೋದಾಗ ಒಮ್ಮೆ ಅಲ್ಲಿಗೂ ಕರೆದೊಯ್ಯಬಹುದು.